ಹೆಗಲ ಮೇಲಿನ ಹೊಸ್ತಿಲು

ಒಂದೂರು. ಆ ಊರಲ್ಲಿ ಹಾಲವ್ವ. ಹಾಲವ್ವನಿಗೊಬ್ಬ ಮಗ, ದುಗ್ಗಪ್ಪ. ಮೀಸೆ ಬಂದಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಮಾತನ್ನು ಎಳ್ಳಷ್ಟೂ ಮೀರದವನು, ಅವ್ವನಿಗೆ ಅದೇ ತಲೆನೋವು. "ಒಲೆ ಮೇಲೆ ಹಾಲಿಟ್ಟೀನಿ, ಉಕ್ಕೋದನ್ನ ನೋಡ್ತಿರು" ಅಂತ ಹೇಳಿ ನೀರಿಗೆ ಹೋದರೆ, ಬರುವಷ್ಟರಲ್ಲಿ ಒಲೆ ತುಂಬ ಹಾಲು. "ನೋಡಿದೆ ಕಣವ್ವ, ಬಲು ಚೆಂದ ಉಕ್ಕಿತು" ಅನ್ನುತ್ತಿದ್ದ.

ದುಗ್ಗಪ್ಪನ ಅಕ್ಕ ಶಾರವ್ವ. ಅವಳ ಮಗಳು ಹೊನ್ನಿ, ಗೋಡೆ ಹಿಡಿದು ಆಗಷ್ಟೇ ಹೆಜ್ಜೆ ಕಲಿಯುತ್ತಿದ್ದ ಕೂಸು. ಶಾರವ್ವನ ಗಂಡ ಮುರಿಗೆಪ್ಪ ಬೋರ್‌ವೆಲ್ ಲಾರಿಯವನು. ಊರೂರು ಸುತ್ತಿ ನೆಲ ಕೊರೆಯುವ ಕೆಲಸ, ಹೋದರೆ ತಿಂಗಳುಗಟ್ಟಲೆ ಮುಖ ಕಾಣುವಂತಿಲ್ಲ. ಹಾಗಾಗಿ ತಾಯಿ ಮಗಳು ಇಬ್ಬರೂ ಹಾಲವ್ವನ ಮನೆಯಲ್ಲೇ. ಹೊನ್ನಿ ಬೋರಲು ಬಿದ್ದದ್ದನ್ನು ಅವನು ನೋಡಲಿಲ್ಲ. ಅಂಬೆಗಾಲಿಟ್ಟದ್ದನ್ನು ನೋಡಲಿಲ್ಲ. ಮೊದಲ ಹಲ್ಲು ಬಂದದ್ದನ್ನು ಫೋನಿನಲ್ಲಿ ಕೇಳಿದ. ಹಲ್ಲನ್ನು ಕೇಳಿ ಏನು ಸುಖ ಹೇಳಿ. ಇನ್ನು ಉಳಿದದ್ದು ಹೊಸ್ತಿಲು. ಕೂಸು ಮೊದಲ ಸಲ ಹೊಸ್ತಿಲು ದಾಟಿದಾಗ ಅಲ್ಲೇ ಕಾಯಿ ಒಡೆದು, ಬೀದಿಗೆಲ್ಲ ಮಂಡಕ್ಕಿ ಬೆಲ್ಲ ಹಂಚುವುದು ಅವರ ಮನೆಯ ಪದ್ಧತಿ. ಈ ಸಲ ಲಾರಿ ಹತ್ತುವಾಗ ಮುರಿಗೆಪ್ಪ ಕೇಳಿಕೊಂಡಿದ್ದ, "ಅತ್ತೆ, ಅದೊಂದನ್ನಾದ್ರೂ ನನ್ನ ಕಣ್ಣಿಗೆ ಉಳಿಸ್ರಿ."

ಉಳಿಸುವುದು ಹೇಗೆ? ಹಾಲವ್ವ, ಶಾರವ್ವ ಇಬ್ಬರೂ ಬೆಳಗಾದರೆ ಮಂಡಕ್ಕಿ ಭಟ್ಟಿಗೆ ಅಕ್ಕಿ ಹುರಿಯಲು ಹೋಗಬೇಕು. ಮನೆಯಲ್ಲಿ ಉಳಿಯುವವನು ದುಗ್ಗಪ್ಪ ಒಬ್ಬನೇ.

"ನಿನ್ನ ಭಾವ ಬರೋತನಕ ಕೂಸು ಹೊಸ್ತಿಲು ದಾಟಬಾರದು ಕಣಲೇ," ಅಂದಳು ಹಾಲವ್ವ. "ಅಳಿಸಬೇಡ. ಕೈ ತೋರಿಸಿದ್ದನ್ನ ತಂದುಕೊಡು, ಕೂತಲ್ಲೇ ಕೂತಿರ್ತಾಳೆ."

"ಆಗಲಿ ಕಣವ್ವ."

ಹೊನ್ನಿ ಡಬ್ಬಿಗೆ ಕೈ ತೋರಿಸಿದಳು, ತಂದುಕೊಟ್ಟ. ಸೌಟಿಗೆ ಕೈ ತೋರಿಸಿದಳು, ತಂದುಕೊಟ್ಟ. ಆಮೇಲೆ ಬಾಗಿಲಾಚೆ ಕೈ ತೋರಿಸಿದಳು. ಬಾಗಿಲಾಚೆ ಪಕ್ಕದ ಮನೆಯ ಹುಂಜ, ಹಿಡಿದು ತಂದ. ಹುಂಜದಾಚೆ ಕಟ್ಟೆ, ಕಟ್ಟೆಯ ಮೇಲೆ ಕುರ್ಚಿ, ಕುರ್ಚಿಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಸಿದ್ದಜ್ಜ.

ಮಧ್ಯಾಹ್ನ ಹಾಲವ್ವ ಬಂದು ನೋಡಿದರೆ ಬಾಗಿಲಿಗೆ ಅಡ್ಡ ಒಂದು ಕುರ್ಚಿ, ಕುರ್ಚಿಯಲ್ಲಿ ಸಿದ್ದಜ್ಜ, ಅವನ ತೊಡೆಯ ಮೇಲೆ ಹುಂಜ, ಹುಂಜದ ಬಾಲ ಹೊನ್ನಿಯ ಕೈಯಲ್ಲಿ.

"ಇದೇನಜ್ಜ?"

"ನನ್ನನ್ನ ಕೇಳಬೇಡ ತಾಯಿ. ಕೂತಿದ್ದೆ, ಎತ್ಕೊಂಡು ಬಂದ. ವಾಪಸ್ಸು ಬಿಡಪ್ಪಾ ಅಂದ್ರೆ, ಕೂಸನ್ನ ಕೇಳು ಅಂತಾನೆ."

"ಕೈ ತೋರಿಸಿದ್ಲು ಕಣವ್ವ," ಅಂದ ದುಗ್ಗಪ್ಪ.

"ಕೈ ತೋರಿಸಿದ್ರೆ ಮುದುಕನ್ನ ಹೊತ್ಕೊಂಡು ಬರ್ತಾರೇನಲೇ ಪೆದ್ದ? ಹಿಂಗೆ ಮಾಡಬಾರದು. ಕೂಸು ಏನಾದ್ರೂ ಹಿಡಿದ್ರೆ ಮೆಲ್ಲಗೆ ಬಿಡಿಸಿ, ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡಬೇಕು. ತಿಳೀತಾ?"

"ತಿಳೀತು ಕಣವ್ವ."

"ಹೊಸ್ತಿಲು ದಾಟಿದ್ಲೇನು?"

"ಇಲ್ಲವ್ವ."

ದಾಟಲು ಜಾಗವೆಲ್ಲಿತ್ತು, ಸಿದ್ದಜ್ಜ ಅಡ್ಡ ಇದ್ದ.

ಮರುದಿನ ಹೊನ್ನಿ ಉಪ್ಪಿನ ಗಡಿಗೆ ಹಿಡಿದಳು, ದುಗ್ಗಪ್ಪ ಮೆಲ್ಲಗೆ ಬಿಡಿಸಿ ಅಟ್ಟಕ್ಕೆ ಇಟ್ಟ. ಚಾಪೆ ಹಿಡಿದಳು, ಅಟ್ಟಕ್ಕೆ ಇಟ್ಟ. ಹಿಡಿಯಲು ಬೇರೇನೂ ಸಿಗದೆ ಮಾವನ ತೊಡೆ ಹತ್ತಿ ಮೀಸೆ ಹಿಡಿದಳು. ದುಗ್ಗಪ್ಪ ಮೆಲ್ಲಗೆ ಬಿಡಿಸಿದ. ಕತ್ತರಿ ತಂದ. ಮೀಸೆ ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟ. ಕೊನೆಗೆ ಹೊನ್ನಿ ಅವನ ಮೊಣಕಾಲನ್ನೇ ತಬ್ಬಿ ಹಿಡಿದಳು.

ಹಾಲವ್ವ ಬಂದಾಗ ಮನೆಯೊಳಗೆ ಒಂದು ಲೋಟವೂ ಇಲ್ಲ. ನಡುಮನೆಯಲ್ಲಿ ಹೊನ್ನಿ ಕತ್ತೆತ್ತಿ ನಿಂತಿದ್ದಾಳೆ. ಮೇಲೆ ಗಡಿಗೆಗಳ ನಡುವಿನಿಂದ ದುಗ್ಗಪ್ಪನ ಮುಖ ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ. ಕಂಡಾಗಲೆಲ್ಲ ಕೂಸು ಹೊಟ್ಟೆ ಕುಣಿಸಿ ನಗುತ್ತಿದೆ.

"ಅಲ್ಲೇನು ಮಾಡ್ತಿದೀಯಲೇ?"

"ಹಿಡಿದ್ಲು ಕಣವ್ವ. ಮೆಲ್ಲಗೆ ಬಿಡಿಸಿ ಇಟ್ಕೊಂಡೀನಿ."

"ಮೀಸೆ ಅರ್ಧ ಎಲ್ಲೋಯ್ತೋ?"

"ಇಲ್ಲೇ ಐತೆ. ಆ ಕಡೇದನ್ನ ಅವಳು ಹಿಡೀಲಿಲ್ಲ."

ಹಾಲವ್ವ ಹಣೆ ಚಚ್ಚಿಕೊಂಡಳು. "ಕೂಸನ್ನ ಕೆಳಗೆ ಬಿಟ್ಟು ಅಟ್ಟ ಹತ್ತಿ ಕೂರ್ತಾರೇನಲೇ? ಹಿಂಗೆ ಮಾಡಬಾರದು. ಅವಳ ಜೊತೇಲೇ ಇರಬೇಕು, ಅವಳು ಮಾಡಿದ ಹಾಗೆ ಮಾಡಿ ಆಡಿಸಬೇಕು."

"ಆಗಲಿ ಕಣವ್ವ."

"ಹೊಸ್ತಿಲು?"

"ದಾಟಿಲ್ಲವ್ವ."

ಮಾವ ಆಕಾಶದಲ್ಲಿರುವಾಗ ಬೀದಿ ಯಾರಿಗೆ ಬೇಕು.

ಮಾರನೇ ದಿನ ಹೊನ್ನಿ ಅಂಬೆಗಾಲಿಟ್ಟಳು, ದುಗ್ಗಪ್ಪನೂ ಇಟ್ಟ. ಹೊನ್ನಿ ಇರುವೆಯ ಹಿಂದೆ ಹೋದಳು, ದುಗ್ಗಪ್ಪನೂ ಹೋದ. ಹೊನ್ನಿ ಮೂಲೆಯ ಮಣ್ಣು ನೆಕ್ಕಿದಳು, ಇವನೂ ನೆಕ್ಕಿದ. ಅವಳು ಬಾಗಿಲ ಕಡೆ ಹೊರಟವಳು ತಿರುಗಿ ನೋಡಿದಳು. ದೊಡ್ಡದೊಂದು ಕೂಸು ಬಾಯಿಗೆ ಮಣ್ಣು ಮೆತ್ತಿಕೊಂಡು ಹಿಂದೆ ಹಿಂದೆ ಬರುತ್ತಿದೆ. ಬೀದಿ ಮರೆತು ಅದರ ಬೆನ್ನು ಹತ್ತಿದಳು. ಬೆನ್ನ ಮೇಲಿಂದ ಜಾರಿ ಬಿದ್ದು ಅತ್ತಳು, ದುಗ್ಗಪ್ಪನೂ ಬಿದ್ದು ಅತ್ತ. ಅವನ ದನಿ ದೊಡ್ಡದು, ಅವಳು ಹೆದರಿ ಅಳು ನಿಲ್ಲಿಸಿದಳು. ಅವನೂ ನಿಲ್ಲಿಸಿದ. ಹೊನ್ನಿ ಚಾಪೆ ಒದ್ದೆ ಮಾಡಿದಳು. ಮುಂದಿನದ್ದನ್ನು ನನ್ನ ಕೇಳಬೇಡಿ.

ಹಾಲವ್ವ ಬಂದಾಗ ಒದ್ದೆ ಚಾಪೆಯ ಮೇಲೆ ಎರಡು ಕೂಸು. ಚಿಕ್ಕದಕ್ಕೆ ರಾಗಿ ಅಂಬಲಿ ಕುಡಿಸಲು ಹೋದರೆ ಮುಖ ತಿರುಗಿಸಿತು. ದೊಡ್ಡದೂ ತಿರುಗಿಸಿತು. ಕಾಗೆ ತೋರಿಸಿ ಒಂದಕ್ಕೆ, ಗುಬ್ಬಿ ತೋರಿಸಿ ಇನ್ನೊಂದಕ್ಕೆ, ಅಂತೂ ಗಿಂಡಿ ಖಾಲಿ ಮಾಡಿಸಿದಳು. ಸೆರಗು ಬಾಯಿಗಿಟ್ಟು ಆ ಕಡೆ ತಿರುಗಿದಳು. ನಗು ಬಂದದ್ದು ಮಗನಿಗೆ ಕಾಣಬಾರದಲ್ಲ, ಬೈಯುವುದು ಇನ್ನೂ ಬಾಕಿ ಇತ್ತು.

"ಹಿಂಗೆ ಮಾಡಬಾರದು ದುಗ್ಗ. ನಾಳೆ ನಿನ್ನ ಭಾವ ಬರ್ತಾನೆ, ನಾಳೆ ಒಂದಿನ ದೊಡ್ಡವನ ಹಾಗಿರು. ಕೂಸಿಗೆ ಯಾವುದು ಆಗಬಾರದೋ ಅದನ್ನ ಮೊದಲೇ ನೋಡಿ, ದಾರಿಯಿಂದ ತೆಗೆದುಬಿಡಬೇಕು."

"ತೆಗೀತೀನಿ ಕಣವ್ವ."

"ಹೊಸ್ತಿಲು?"

"ದಾಟಿಲ್ಲವ್ವ."

ಬೆಳಗಾಯಿತು. ಹೊನ್ನಿ ಗೋಡೆ ಬಿಟ್ಟು ಎದ್ದು ನಿಂತಳು. ಓಲಾಡಿದಳು. ನೇರ ಬಾಗಿಲಿಗೆ ಹೊರಟಳು.

ದುಗ್ಗಪ್ಪ ಯೋಚಿಸಿದ. ಇಷ್ಟು ಯೋಚಿಸಿದ್ದು ಅವನಿಗೆ ಅದೇ ಮೊದಲು. ಕೂಸಿಗೆ ಆಗಬಾರದ್ದು ಯಾವುದು? ಹೊಸ್ತಿಲು. ದಾರಿಯಲ್ಲಿರುವುದು ಯಾವುದು? ಹೊಸ್ತಿಲು. ಭಾವ ಪಾಪ ಒಂದೇ ಒಂದು ಉಳಿಸಿ ಅಂದಿದ್ದಾನೆ. ಹಾರೆ ತಂದ. ಗೆದ್ದಲು ತಿಂದು ಸಡಿಲವಾಗಿದ್ದ ಹಳೇ ಹೊಸ್ತಿಲು, ಒಂದೆರಡು ಮೀಟಿಗೆ ಎದ್ದು ಬಂತು. ಅವ್ವ ಬೆಳಿಗ್ಗೆ ಹಚ್ಚಿದ್ದ ಅರಿಶಿನ ಕುಂಕುಮ ಅಳಿಸದ ಹಾಗೆ ಹುಷಾರಾಗಿ ಹೆಗಲಿಗೇರಿಸಿಕೊಂಡ. "ಈಗ ನಡಿಯವ್ವ" ಅಂದ.

ಹೊನ್ನಿ ನಡೆದಳು. ಅಂಗಳ ಇಳಿದಳು, ಬೀದಿ ಹಿಡಿದಳು. ಹಿಂದೆ ಹೊಸ್ತಿಲು ಹೊತ್ತ ದುಗ್ಗಪ್ಪ. ಅವನನ್ನು ಕಂಡ ಕೂಡಲೆ ಸಿದ್ದಜ್ಜ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಏನೋ ದುಗ್ಗ, ಕೂಸು ಹೊಸ್ತಿಲು ದಾಟಿಬಿಡ್ತಲ್ಲೋ."

"ಎಲ್ಲಿ ದಾಟಿತಜ್ಜ? ಹೊಸ್ತಿಲು ನನ್ನ ಹತ್ರ ಐತೆ."

ಸಿದ್ದಜ್ಜ ಬಗ್ಗಿ ಅವರ ಮನೆ ಬಾಗಿಲು ನೋಡಿದ, ಹೊಸ್ತಿಲು ಇರಲಿಲ್ಲ.

ದೊಡ್ಡ ರಸ್ತೆಗೆ ಬರುವಷ್ಟರಲ್ಲಿ ಒಂದು ಕಡೆಯಿಂದ ಭಟ್ಟಿ ಬಿಟ್ಟು ಹಾಲವ್ವ, ಶಾರವ್ವ ಬಂದರು. ಹಾಲವ್ವನ ಕೈಯಲ್ಲಿ ಈ ಹೊತ್ತಿಗೆಂದೇ ಕೊಂಡ ತೆಂಗಿನಕಾಯಿ. ಇನ್ನೊಂದು ಕಡೆಯಿಂದ ಬೋರ್‌ವೆಲ್ ಲಾರಿ ಬಂದು ನಿಂತಿತು. ಮೈಯೆಲ್ಲ ಕೊರೆದ ಮಣ್ಣಿನ ಧೂಳಾಗಿ ಮುರಿಗೆಪ್ಪ ಇಳಿದ. ರಸ್ತೆಯ ಮೇಲೆ ತನ್ನ ಪಾಡಿಗೆ ತಾನು ನಡೆಯುತ್ತಿದ್ದ ಮಗಳನ್ನು ಕಂಡ. ಅವನ ಮುಖ ಸಣ್ಣದಾಯಿತು.

"ಇದೂ ಹೋಯ್ತಾ," ಅಂದ ಮೆಲ್ಲಗೆ. "ಇರಲಿ ಬಿಡ್ರಿ ಅತ್ತೆ. ಕೂಸಿನ ಕಾಲು ನನಗೋಸ್ಕರ ಕಾಯುತ್ತಾ?"

ಹಾಲವ್ವನಿಗೆ ಅಳಬೇಕೋ ಮಗನಿಗೆ ಬಾರಿಸಬೇಕೋ ತಿಳಿಯಲಿಲ್ಲ. "ದಾಟಿಬಿಟ್ಲೇನೋ ಪಾಪಿ?"

"ಇಲ್ಲವ್ವ," ಅಂದ ದುಗ್ಗಪ್ಪ. ಅವನಿಗೆ ಆಶ್ಚರ್ಯ, ಇವರಿಗೆ ಕಣ್ಣಿಲ್ಲವೇ. "ಭಾವ, ನಿಮಗೋಸ್ಕರ ಉಳಿಸಿ ಹೊತ್ಕೊಂಡು ಬಂದೀನಿ, ನೋಡ್ರಿ."

ಹೆಗಲಿನಿಂದ ಇಳಿಸಿ, ನಡುರಸ್ತೆಯಲ್ಲಿ, ಅಪ್ಪನಿಗೂ ಮಗಳಿಗೂ ಮಧ್ಯೆ ಹೊಸ್ತಿಲನ್ನು ಅಡ್ಡ ಇಟ್ಟ.

ಹಿಂದೆ ಬಂದ ಆಟೋದವನು ಹಾರ್ನ್ ಹೊಡೆದ. "ಸ್ವಲ್ಪ ತಡಿಯಪ್ಪ," ಅಂದಳು ಶಾರವ್ವ, "ಕೂಸು ಹೊಸ್ತಿಲು ದಾಟ್ತಾ ಐತೆ." ಅವನು ಇಂಜಿನ್ ಆರಿಸಿ ಇಳಿದು ಬಂದು ನಿಂತ.

ಹೊನ್ನಿ ಬಂದಳು. ಹೊಸ್ತಿಲಿನ ಮುಂದೆ ಕೂತಳು. ಕುಂಕುಮ ಕೆರೆದು ಮೂಗಿಗೆ ಹಚ್ಚಿಕೊಂಡಳು. ಆಚೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ್ದ ಧೂಳಿನ ಮನುಷ್ಯನನ್ನು ನೋಡಿದಳು. ಎದ್ದಳು, ಒಂದು ಕಾಲೆತ್ತಿ ಆಚೆ ಇಟ್ಟಳು, ಅಲ್ಲೇ ನಿಂತು ಯೋಚಿಸಿದಳು. ಇನ್ನೊಂದು ಕಾಲು ಎಳೆದುಕೊಂಡು ಅಪ್ಪನ ಎದೆಯ ಮೇಲೆ ಹೋಗಿ ಬಿದ್ದಳು.

ಮುರಿಗೆಪ್ಪ ಮಗಳ ಹೊಟ್ಟೆಯಲ್ಲಿ ಮುಖ ಹುದುಗಿಸಿದವನು ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಮುಖದ ಧೂಳು ಕೆಸರಾಗಿತ್ತು.

ಹಾಲವ್ವ ಅಲ್ಲೇ ಕಲ್ಲಿಗೆ ಕಾಯಿ ಒಡೆದಳು. ಆಟೋದವನಿಗೂ ಒಂದು ಚೂರು ಕೊಟ್ಟಳು. ಆಮೇಲೆ ಮಗನ ಕಡೆ ತಿರುಗಿದಳು. ಬೈಗುಳ ನಾಲಿಗೆ ತನಕ ಬಂದು ಅರ್ಧಕ್ಕೆ ನಿಂತಿತು.

"ಹೊಸ್ತಿಲು ಅಂದ್ರೆ ಹೊತ್ಕೊಂಡು ತಿರುಗೋ ಸಾಮಾನಲ್ಲ ಕಣಪ್ಪಾ. ಅದು ಎಲ್ಲರೂ ದಾಟಿ ಹೋಗೋ ಕಡೆ ಗಟ್ಟಿಯಾಗಿ ಕೂರಬೇಕು. ಭದ್ರವಾಗಿ ಕೂರಿಸಿ ಬಾ, ಊಟ ಮಾಡೋಣ."

"ಆಗಲಿ ಕಣವ್ವ."

ಎಲ್ಲರೂ ಮನೆಗೆ ಬಂದು ಬೀದಿಗೆಲ್ಲ ಮಂಡಕ್ಕಿ ಬೆಲ್ಲ ಹಂಚಿದರು. ದುಗ್ಗಪ್ಪ ಮಾತ್ರ ಬರಲಿಲ್ಲ. ದೊಡ್ಡ ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು, ನಿಲ್ಲಲೇ ಇಲ್ಲ. ಹಾಲವ್ವ ಪೊರಕೆ ಹಿಡಿದೇ ಓಡಿದಳು, ಹಿಂದೆ ಹೊನ್ನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮುರಿಗೆಪ್ಪ.

ನಡುರಸ್ತೆಯಲ್ಲಿ ಹೊಸ್ತಿಲು ಭದ್ರವಾಗಿ ಕೂತಿತ್ತು. ಅದರ ಪಕ್ಕದಲ್ಲಿ ದುಗ್ಗಪ್ಪ. ಬಸ್ಸಿನಲ್ಲಿದ್ದವರನ್ನೆಲ್ಲ ಇಳಿಸಿ ಸಾಲಾಗಿ ನಿಲ್ಲಿಸಿದ್ದ. "ತುಳೀಬೇಡ್ರಿ, ಬಲಗಾಲು ಮುಂದಿಟ್ಟು ಬರ್ರಿ" ಅನ್ನುತ್ತಿದ್ದ. ಒಬ್ಬೊಬ್ಬರು ದಾಟಿದಾಗಲೂ ಹೊನ್ನಿ ಅಪ್ಪನ ತಲೆಯ ಮೇಲೆ ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಸಿಕ್ಕ ಕಂಡಕ್ಟರು ವಾಪಸ್ಸು ಹೋಗಿ ಇನ್ನೊಂದು ಸಲ ದಾಟಿದ.

"ಎಲ್ಲರೂ ದಾಟೋ ಕಡೆ ಅಂದೆಯಲ್ಲವ್ವ," ಅಂದ ದುಗ್ಗಪ್ಪ.

ಹಾಲವ್ವ ಪೊರಕೆ ಎತ್ತಿದಳು. ಮೊಮ್ಮಗಳನ್ನು ನೋಡಿದಳು. ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ, ಸೀರೆ ಸ್ವಲ್ಪ ಎತ್ತಿಕೊಂಡು, ಬಲಗಾಲು ಮುಂದಿಟ್ಟಳು.

ಆ ಕಡೆ ಹೋದಾಗ ನಿಮ್ಮ ಬಸ್ಸು ದೊಡ್ಡ ರಸ್ತೆಯಲ್ಲಿ ಒಂದು ಕಡೆ ಧಡಕ್ಕನೆ ಎಗರುತ್ತದೆ. ಹಂಪ್ ಅಂತ ಡ್ರೈವರನ್ನು ಬೈಯಬೇಡಿ. ಕೂತಲ್ಲೇ ಬಲಗಾಲು ಒಂಚೂರು ಮುಂದೆ ಇಟ್ಟುಕೊಳ್ಳಿ. ದುಗ್ಗಪ್ಪ ಅಲ್ಲೇ ಎಲ್ಲೋ ನೋಡುತ್ತಿರುತ್ತಾನೆ.