ಮಡುವಿನ ಕಾವಲಿಗೆ ನಿಂತ ನೀರುನಾಯಿ

ಮಕ್ಕಳೇ, ಕತೆಗೆ ಮೊದಲು ನಿಮಗೊಂದು ಪ್ರಶ್ನೆ. ಗೌಜಲಹಕ್ಕಿಯ ಮರಿಯೊಂದು ಕಾಲು ಜಾರಿ ನೀರಿಗೆ ಬಿತ್ತು. ದಡದಲ್ಲಿ ಒಂದು ನೀರುನಾಯಿ ನಿಂತಿತ್ತು, ಪಕ್ಕದಲ್ಲೇ ಒಂದು ಮುಂಗುಸಿಯೂ ನಿಂತಿತ್ತು. ನೀರಿಗೆ ಹಾರಿದ್ದು ಯಾರು? ಊಹಿಸಿ ನೋಡೋಣ. ನೀರುನಾಯಿ ಅಂದಿರಾ? ಹಾಗಾದರೆ ಇನ್ನೂ ಸ್ವಲ್ಪ ಹತ್ತಿರ ಬನ್ನಿ, ನೀವು ಈ ಕತೆಯನ್ನು ಪೂರ್ತಿ ಕೇಳಲೇಬೇಕು.

ತುಂಗಭದ್ರೆ ದೊಡ್ಡ ದೊಡ್ಡ ಬಂಡೆಗಳ ನಡುವೆ ಬಳಸಿಕೊಂಡು ಹರಿಯುವ ಕಡೆ ಒಂದು ಮಡು ಇದೆ, ಅಂದರೆ ನೀರು ಆಳವಾಗಿ ನಿಂತ ಜಾಗ. ಅದರ ದಡದ ಚಪ್ಪಟೆ ಬಂಡೆಯ ಮೇಲೆಯೇ ಪ್ರಾಣಿಗಳ ಹೈಸ್ಕೂಲು. ಎಂಟು, ಒಂಬತ್ತು, ಹತ್ತು, ಮೂರೇ ಕ್ಲಾಸು. ಹೆಡ್‌ಮಾಸ್ಟರು, ಪಾಠ ಹೇಳುವವರು, ಗಂಟೆ ಹೊಡೆಯುವವರು ಎಲ್ಲ ಒಬ್ಬರೇ: ಆಮೆ ಗವಿಸಿದ್ದಪ್ಪ ಮೇಷ್ಟ್ರು.

ಆ ಶಾಲೆಯಲ್ಲಿ ತುಂಗಪ್ಪ ಎಂಬ ನೀರುನಾಯಿ ಮರಿ ಓದುತ್ತಿತ್ತು. ನೀರುನಾಯಿಗಳು ಈಜು ಕಲಿತುಕೊಂಡೇ ಹುಟ್ಟುತ್ತವೆ ಎಂದು ನಾವೆಲ್ಲ ತಿಳಿದಿರುತ್ತೇವೆ, ಅಲ್ಲವೇ? ತಪ್ಪು. ತಾಯಿ ಮರಿಯ ಕತ್ತು ಕಚ್ಚಿ ನೀರಿಗೆ ಎಳೆದು, ಮುಳುಗಿಸಿ ತೇಲಿಸಿ ಕಲಿಸಬೇಕು. ತುಂಗಪ್ಪನನ್ನು ಅವನ ತಾಯಿ ನೀರಿಗೆ ಎಳೆದಾಗಲೆಲ್ಲ ಅಜ್ಜಿ ಅಡ್ಡ ಬರುತ್ತಿದ್ದಳು. "ಮಗೂಗೆ ನೆಗಡಿ ಆಗುತ್ತೆ, ಬಿಡೇ! ನಾನಿಲ್ವಾ ಮೀನು ತಂದು ಹಾಕೋಕೆ?" ಹೀಗೆ ನೆಗಡಿಗೆ ಹೆದರಿ ಹೆದರಿ, ತುಂಗಪ್ಪ ಈಜು ಬಾರದೆಯೇ ಎಂಟನೇ ಕ್ಲಾಸಿಗೆ ಬಂದ.

ಮೊದಲ ದಿನವೇ ಮೇಷ್ಟ್ರು ಕೇಳಿದರು: "ಯಾರಿಗೆ ಈಜು ಬರಲ್ಲ? ಕೈ ಎತ್ತಿ. ನಾಚ್ಕೋಬೇಡಿ. ಈ ಮೂರು ವರ್ಷ ಇರೋದೇ ತಪ್ಪು ಮಾಡಿ ಕಲಿಯೋಕೆ. ಇಲ್ಲಿ ಮುಳುಗಿದ್ರೆ ಎತ್ತೋಕೆ ನಾನಿದ್ದೀನಿ. ಆಮೇಲೆ ದೊಡ್ಡ ಹೊಳೇಲಿ ಯಾರೂ ಇರಲ್ಲ."

ಮೊಲ ಕೈ ಎತ್ತಿತು, ಮುಳ್ಳುಹಂದಿ ಎತ್ತಿತು. ಹುಲಿಗೆಮ್ಮ ಎಂಬ ಮುಂಗುಸಿ ಹುಡುಗಿ ಎರಡೂ ಕೈ ಎತ್ತಿ, "ಸಾರ್, ನಂಗೆ ನೀರು ಕಂಡ್ರೇನೇ ಆಗಲ್ಲ!" ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ತುಂಗಪ್ಪನ ಕೈ ಅರ್ಧ ಎದ್ದಿತ್ತು. ಆ ನಗು ಕೇಳಿದ್ದೇ ತಡ, ಕಿವಿ ತುರಿಸಿಕೊಳ್ಳುವವನ ಹಾಗೆ ಮಾಡಿ ಕೆಳಗಿಳಿಸಿದ. ಮುಂಗುಸಿಗೇ ಇಷ್ಟು ನಗು, ಇನ್ನು ನೀರುನಾಯಿ ಕೈ ಎತ್ತಿದರೆ?

"ನಿನ್ನ ಕೇಳೋದೇ ಬೇಡ ಬಿಡಪ್ಪ," ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿ ಮುಂದೆ ಹೋದರು.

ಅಲ್ಲಿಂದ ಶುರುವಾಯಿತು ನೋಡಿ. ಈಜಿನ ಪೀರಿಯಡ್ಡಿನಲ್ಲಿ ಎಲ್ಲರೂ ನೀರಿನಲ್ಲಿ ಒದ್ದಾಡುತ್ತಿದ್ದರೆ ತುಂಗಪ್ಪ ಬಂಡೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಬೆಳಿಗ್ಗೆ ಬರುವಾಗ ಮೊಣಕಾಲುದ್ದದ ಹೊಂಡದಲ್ಲಿ ಹೊರಳಿ, ಆಗಷ್ಟೇ ಹೊಳೆ ದಾಟಿ ಬಂದವನ ಹಾಗೆ ನೀರು ತೊಟ್ಟಿಕ್ಕಿಸುತ್ತಾ ಕ್ಲಾಸಿಗೆ ಬರುತ್ತಿದ್ದ. ಗುಟ್ಟು ಬಯಲಾಗದಿರಲಿ ಎಂದು ಬಾಯಿ ಜೋರು ಮಾಡುವುದನ್ನೂ ಕಲಿತ.

"ಏ ಹುಲಿಗಿ, ಅದೇನೇ ಅದು? ಈಜ್ತಿದ್ದೀಯೋ, ನೀರಲ್ಲಿ ರೊಟ್ಟಿ ತಟ್ತಿದ್ದೀಯೋ?"

"ರೊಟ್ಟೀನೇ ಕಣೋ, ಬಾ, ಬಿಸಿ ಇರುವಾಗಲೇ ತಿನ್ನು," ಎನ್ನುತ್ತಿದ್ದಳು ಹುಲಿಗೆಮ್ಮ, ಮೂಗಿನಿಂದ ನೀರು ಸೀನುತ್ತಾ. ಗಂಟೆ ಹೊಡೆದ ಮೇಲೂ ಮೇಷ್ಟ್ರ ಹಿಂದೆಯೇ ಬಿದ್ದಿರುತ್ತಿದ್ದಳು. "ಸಾರ್, ಉಸಿರು ಯಾವಾಗ ಬಿಡ್ಬೇಕು? ಸಾರ್, ಸೆಳವು ಬಂದ್ರೆ ಹೇಗೆ?" ದಿನಕ್ಕೊಂದು ಪ್ರಶ್ನೆ. ಒಂಬತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಮಡುವನ್ನು ಅಡ್ಡ ದಾಟುತ್ತಿದ್ದಳು.

ಹತ್ತನೇ ಕ್ಲಾಸಿಗೆ ಬಂದಾಗ ಮೇಷ್ಟ್ರು ತುಂಗಪ್ಪನನ್ನು ಮಡುವಿನ ಕಾವಲಿಗೆ ನೇಮಿಸಿದರು. ಶಾಲೆಯಲ್ಲಿ ಅದೊಂದು ನಿಯಮ. ಯಾರಾದರೂ ನೀರಿಗೆ ಬಿದ್ದರೆ ಕಾವಲಿನವನೇ ಹಾರಬೇಕು, ಅವನು ದಡದಲ್ಲಿರುವಾಗ ಬೇರೆ ಯಾರೂ ಹಾರಕೂಡದು. ನಾಲ್ಕು ಜನ ಒಟ್ಟಿಗೆ ಹಾರಿದರೆ ಒಬ್ಬರನ್ನೊಬ್ಬರು ಹಿಡಿದು ಮುಳುಗಿಸುತ್ತಾರೆ, ಅದಕ್ಕೆ. ಅಂದು ತುಂಗಪ್ಪನಿಗೆ ಅನ್ನ ಸೇರಲಿಲ್ಲ. ಹೋಗಿ ಹೇಳಿಬಿಡಲೇ ಎಂದು ಎರಡು ಸಲ ಮೇಷ್ಟ್ರ ಬಂಡೆಯವರೆಗೂ ಹೋದ. "ಏನಪ್ಪಾ?" ಎಂದರೆ, "ಏನಿಲ್ಲ ಸಾರ್, ಹಾಗೇ ಬಂದೆ," ಎಂದು ಹಿಂತಿರುಗಿದ.

ಅದಾಗಿ ಕೆಲವು ತಿಂಗಳು. ಮೇಷ್ಟ್ರು ಒಂಬತ್ತನೆಯವರನ್ನು ಕರೆದುಕೊಂಡು ಗುಡ್ಡದ ಕಡೆ ಹೋಗಿದ್ದರು. ಎಂಟನೇ ಕ್ಲಾಸಿನ ದುರುಗಿ, ಅವಳೇ ಆ ಗೌಜಲಹಕ್ಕಿ ಮರಿ, ಮಿಡತೆಯೊಂದರ ಹಿಂದೆ ಓಡುತ್ತಾ ಪಾಚಿ ಹಿಡಿದ ಬಂಡೆಯ ಅಂಚಿಗೆ ಬಂದಳು. ಜಾರಿದಳು. ದುಡುಂ!

"ತುಂಗಣ್ಣ! ದುರುಗಿ ಬಿದ್ಲು! ಹಾರು!" ಮೊಲ ಕೂಗಿತು.

ತುಂಗಪ್ಪ ಅಂಚಿಗೆ ಓಡಿದ. ಕೆಳಗೆ ನೀರು ಕಪ್ಪಗಿತ್ತು. ಕಾಲು ಬಂಡೆಗೆ ಅಂಟಿಕೊಂಡಿತು. ದುರುಗಿಯ ತಲೆ ಒಮ್ಮೆ ಮೇಲೆ ಬಂತು, ಕೊಕ್ಕು ಬಿಟ್ಟಳು, ದನಿ ಹೊರಡಲಿಲ್ಲ.

"ಹಾರೋ!"

"ಕಾಲು… ಕಾಲಿಗೆ ಮುಳ್ಳು ಚುಚ್ಚಿದೆ," ಎಂದ ತುಂಗಪ್ಪ.

ಇಷ್ಟು ಹೇಳುವಷ್ಟರಲ್ಲಿ ದುರುಗಿ ಎರಡನೇ ಸಲ ಮುಳುಗಿದ್ದಳು. ಪಕ್ಕದಲ್ಲಿದ್ದ ಹುಲಿಗೆಮ್ಮ ಅವನ ಮುಖ ನೋಡಿದಳು, ನೀರು ನೋಡಿದಳು, ಹಾರಿಯೇಬಿಟ್ಟಳು. ಮರಿಯ ರೆಕ್ಕೆ ಕಚ್ಚಿ, ಸೆಳವಿಗೆ ಓರೆಯಾಗಿ ಈಜಿ ದಡಕ್ಕೆ ತಂದಳು. ದುರುಗಿ ಅಲುಗಾಡಲಿಲ್ಲ. ಬೋರಲು ಹಾಕಿ ಬೆನ್ನು ಒತ್ತಿದರು. ಒತ್ತಿದರು, ಒತ್ತಿದರು. ಕೊನೆಗೆ ಗೊಳಕ್ಕೆಂದು ನೀರು ಕಕ್ಕಿ, ಕಣ್ಣು ಬಿಟ್ಟು, "ನನ್ನ ಮಿಡತೆ?" ಎಂದಳು.

ಎಲ್ಲರೂ ಅತ್ತು ನಕ್ಕರು. ತುಂಗಪ್ಪ ಮಾತ್ರ ದೂರ ನಿಂತಿದ್ದ.

ಹುಲಿಗೆಮ್ಮ ನಡುಗುತ್ತಾ ಅವನ ಹತ್ತಿರ ಬಂದಳು. "ನೀನಿದ್ದೀಯಲ್ಲ ಅಂತ ನಾನು ಸುಮ್ನೆ ನಿಂತೆ ಕಣೋ. ನೀನು ಇಲ್ದೇ ಇದ್ದಿದ್ರೆ ಆಗ್ಲೇ ಹಾರ್ತಿದ್ದೆ." ಬೈಯಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. ಆಮೇಲೆ, "ಎಲ್ಲಿ, ಕಾಲು ಕೊಡು, ಮುಳ್ಳು ತೆಗೀತೀನಿ," ಎಂದು ಕೂತಳು.

ಅವನ ಅಂಗಾಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೆರಳುಗಳ ಸಂದಿ ಬಿಡಿಸಿ ನೋಡಿದಳು. ಮುಳ್ಳಿಲ್ಲ. ತಲೆ ಎತ್ತಿದಳು. ಅವನ ಕಣ್ಣು ನೋಡಿದ ತಕ್ಷಣ ಅವಳಿಗೆ ಎಲ್ಲ ತಿಳಿಯಿತು. ಸುತ್ತ ಎಂಟನೆಯವರು, ಹತ್ತನೆಯವರು ಎಲ್ಲ ನಿಂತಿದ್ದರು.

"ಮುಳ್ಳು ಒಳಗೇ ಮುರಿದಿದೆ ಪಾಪ," ಎಂದಳು ಹುಲಿಗೆಮ್ಮ, ಎಲ್ಲರಿಗೂ ಕೇಳುವ ಹಾಗೆ. "ಬನ್ನಿ, ಬನ್ನಿ, ದುರುಗೀನ ಬಿಸಿಲಿಗೆ ಕರ್ಕೊಂಡು ಹೋಗೋಣ."

ಅವಳು ನಕ್ಕಿದ್ದರೆ ತುಂಗಪ್ಪ ತಡೆದುಕೊಳ್ಳುತ್ತಿದ್ದನೋ ಏನೋ. ಎರಡೂವರೆ ವರ್ಷ ತಾನು ಆಡಿಕೊಂಡಿದ್ದ ಹುಡುಗಿಯೇ ತನ್ನ ಮಾನ ಮುಚ್ಚುತ್ತಿದ್ದಾಳೆ! ಮೈಯೆಲ್ಲ ಬಿಸಿಯಾಯಿತು. ನೆಲ ನೋಡುತ್ತಲೇ ಹೇಳಿದ:

"ಮುಳ್ಳಿಲ್ಲ. ನಂಗೆ ಈಜು ಬರಲ್ಲ."

ಗಲಾಟೆ ಕೇಳಿ ಏದುಸಿರು ಬಿಡುತ್ತಾ ಗುಡ್ಡ ಇಳಿದು ಬಂದಿದ್ದ ಮೇಷ್ಟ್ರು ಅಲ್ಲೇ ನಿಂತರು.

"ಏನಂದೆ?"

"ಎಂಟನೇ ಕ್ಲಾಸಿಂದಲೂ ಬರಲ್ಲ ಸಾರ್. ಹೇಳೋಕೆ ನಾಚಿಕೆ ಆಯ್ತು."

"ನಿನ್ನ ಒಂದು ಮಾತು ಕೇಳ್ದೆ ಕಾವಲಿಗೆ ಹಾಕಿದವನು ನಾನು. ನಂದೂ ತಪ್ಪಿದೆ," ಎಂದರು ಮೇಷ್ಟ್ರು. ಆಮೇಲೆ, "ಪರೀಕ್ಷೆಗೆ ಎಷ್ಟು ದಿನ ಇದೆ?"

"ನಲವತ್ತು, ಸಾರ್."

"ಅಷ್ಟಾದ್ರೂ ಇದ್ಯಲ್ಲ. ನಾಳೆಯಿಂದ ಎಂಟನೆಯವರ ಜೊತೆ ಸಾಲಲ್ಲಿ ನಿಲ್ಲು. ಕಾವಲು ಹುಲಿಗೆಮ್ಮಂದು."

ಮರುದಿನ ತನ್ನ ಮೊಣಕಾಲಿಗೆ ಬರುವ ಮರಿಗಳ ಹಿಂದೆ ಉದ್ದ ಬಾಲದ ತುಂಗಪ್ಪ ಸಾಲಿನಲ್ಲಿ ನಿಂತ. ನೀರು ಕುಡಿದ, ಕೆಮ್ಮಿದ, ಹೆದರಿ ದಡಕ್ಕೆ ಓಡಿದ, ಮತ್ತೆ ಇಳಿದ. ಎಷ್ಟು ದಿನಕ್ಕೆ ಕಲಿತ ಗೊತ್ತೇ? ಹನ್ನೊಂದೇ ದಿನ! ದೇವರು ಆ ಬಾಲ, ಆ ಜಾಲದ ಬೆರಳು ಕೊಟ್ಟದ್ದೇ ಅದಕ್ಕಲ್ಲವೇ? ತಳದವರೆಗೂ ಮುಳುಗಿ, ಮೀನಿನ ಹಿಂದೆ ಸುತ್ತಿ, ಮೇಲೆ ಬಂದವನು ಬಂಡೆಯ ಮರೆಯಲ್ಲಿ ಕೂತು ಅತ್ತ. ಹನ್ನೊಂದು ದಿನದ ಕೆಲಸಕ್ಕೆ ಮೂರು ವರ್ಷ ಬಚ್ಚಿಟ್ಟುಕೊಂಡಿದ್ದೆನಲ್ಲ, ಗೆಳೆಯರೆಲ್ಲ ನೀರಲ್ಲಿ ಆಡುವಾಗ ದಡದಲ್ಲಿ ಒಣಗಿದೆನಲ್ಲ ಎಂದು. ಮೊದಲಿನ ನಾಚಿಕೆಗಿಂತ ಈ ನಾಚಿಕೆ ದೊಡ್ಡದಾಗಿತ್ತು.

ಬೀಳ್ಕೊಡುಗೆಯ ದಿನ ಹತ್ತನೆಯವರೆಲ್ಲ ಹೈಸ್ಕೂಲಿನಲ್ಲಿ ತಮ್ಮ ಮರೆಯಲಾಗದ ದಿನ ಯಾವುದೆಂದು ಹೇಳಬೇಕಿತ್ತು. ಮೊಲ ಓಟದಲ್ಲಿ ಗೆದ್ದ ದಿನ ಹೇಳಿತು, ಹುಲಿಗೆಮ್ಮ ಮೊದಲ ಸಲ ಮಡು ದಾಟಿದ ದಿನ ಹೇಳಿದಳು. ತುಂಗಪ್ಪ ಎದ್ದು ನಿಂತ. ದುರುಗಿ ನೀರಿಗೆ ಬಿದ್ದು ತಾನು ದಡದಲ್ಲೇ ನಿಂತ ದಿನವನ್ನು ಹೇಳಿದ: "ಫೆಬ್ರವರಿ ಹನ್ನೆರಡು, ಬುಧವಾರ."

ನೀತಿ: ಬಾರದ್ದನ್ನು ಬಾರದು ಎಂದು ಹೇಳಿ ಕಲಿಯುವುದಕ್ಕೇ ಶಾಲೆ ಇರುವುದು, ಅಲ್ಲಿ ಒಂದು ಗಳಿಗೆಯ ನಾಚಿಕೆಗೆ ಅಂಜಿ ಬಾಯಿ ಮುಚ್ಚಿಕೊಂಡವನು ಮುಂದೆ ಬಹುಕಾಲ ನಾಚಬೇಕಾಗುತ್ತದೆ.