ಅಂಟಿದ ಕೈ

"ಗುರುಗಳೇ, ನಿನ್ನೆ ನನ್ನ ತಮ್ಮ ಸಿಟ್ಟಿನಿಂದ ಮೇಲೇರಿ ಬಂದ. ಒಂದೇ ಏಟಿಗೆ ಕೆಡವಿದೆ. ನೀವು ದಿನವೂ ಕಲಿಸುವ ಈ ಚಿ-ಸೌ ಹಿಡಿದು ಕೂತಿದ್ದರೆ ಗೆಲ್ಲಲು ಆಗುತ್ತಿತ್ತೇ?" ಎಂದು ಚೆಲುವರಾಜು ಕೇಳಿದ.

ಗುರು ನಕ್ಕರು. "ಭಲೇ! ತಮ್ಮನನ್ನೇ ಗೆದ್ದು ಬಂದ ಶೂರ! ಚಿ-ಸೌ ಎಂದರೆ ಚೀನಾದ ಕ್ಯಾಂಟನ್ ಸೀಮೆಯವರ ಮಾತಿನಲ್ಲಿ ಅಂಟಿದ ಕೈ. ಎದುರಾಳಿಯ ಮುಂಗೈಗೆ ನಿನ್ನ ಮುಂಗೈ ತಾಗಿಸಿ, ಅವನ ಕೈ ಎತ್ತ ಹೋದರೂ ಬಿಡದೆ ಜೊತೆಗೆ ಹೋಗುವ ಅಭ್ಯಾಸ. ಪದದ ಅರ್ಥ ಇಷ್ಟೇ. ಅದರ ಒಳಗಿನದು ಬೇಕಾದರೆ ಕೂತು ಕೇಳು."

ಆ ಸೀಮೆಯ ಹೊಳೆದಂಡೆಯಲ್ಲಿ ಒಬ್ಬ ದೋಣಿಯವನಿದ್ದ. ಈ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಗನಿಗೂ ಚಿಕ್ಕಂದಿನಿಂದ ಅದನ್ನೇ ಕಲಿಸಿದ್ದ. ಒಂದು ದಿನ ಸಂತೆಯಲ್ಲಿ ಒಬ್ಬ ವ್ಯಾಪಾರಿ ನಾಲ್ಕು ಜನರ ಮುಂದೆ ಆ ಮಗನ ಕೆನ್ನೆಗೆ ಹೊಡೆದ. ಮಗ ಮನೆಗೆ ಬಂದವನೇ ಮೀನು ಕೊಯ್ಯುವ ಚೂರಿ ತೆಗೆದುಕೊಂಡು ಹೊರಟ. ಅವನನ್ನು ಕೊಂದೇ ಬರುತ್ತೇನೆ ಎಂದು ಕೂಗಾಡಿದ.

ತಂದೆ ಬಾಗಿಲಿಗೆ ಅಡ್ಡ ನಿಂತ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಚೂರಿ ಹಿಡಿದ ಮಗನ ಮುಂಗೈ ಮೇಲೆ ತನ್ನ ಮುಂಗೈ ಇಟ್ಟ. ಮಗ ನೂಕಿದ, ತಂದೆ ಸಡಿಲಬಿಟ್ಟ. ಮಗ ಎಳೆದುಕೊಂಡ, ತಂದೆಯ ಕೈ ಜೊತೆಗೇ ಹೋಯಿತು. ಒಮ್ಮೆ ಚೂರಿ ತಂದೆಯ ತೋಳನ್ನು ಗೀರಿ ರಕ್ತ ಬಂತು. ಆಗಲೂ ಅವನು ಕೈ ತೆಗೆಯಲಿಲ್ಲ. ಅಬ್ಬಾ, ಎಂಥ ಎದೆಯಪ್ಪ ಆ ಮನುಷ್ಯನದು! ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಹೊತ್ತು ಮುಳುಗುವವರೆಗೆ ಅಪ್ಪ ಮಗ ಹೊಸಿಲ ಬಳಿ ಹಾಗೇ ನಿಂತಿದ್ದರು. ಕೊನೆಗೆ ಮಗನ ಕೈಯ ಬಿಗಿ ತಾನಾಗಿ ಇಳಿಯಿತು. ಚೂರಿ ಕೆಳಗೆ ಬಿತ್ತು. ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡು ಗೊಳೋ ಎಂದು ಅತ್ತ.

ಎಲ್ಲವನ್ನೂ ನೋಡುತ್ತಿದ್ದ ನೆರೆಮನೆಯವನಿಗೆ ತಡೆಯಲಾಗಲಿಲ್ಲ. "ಅಲ್ಲಯ್ಯಾ, ನಿನ್ನಂಥವನು ಒಂದು ಏಟು ಕೊಟ್ಟಿದ್ದರೆ ಅಲ್ಲೇ ಬೀಳುತ್ತಿದ್ದ. ಇಷ್ಟು ಹೊತ್ತು ಯಾಕೆ ಒದ್ದಾಡಿದೆ?" ಎಂದು ಕೇಳಿದ.

"ಬಿದ್ದವನು ಏಳುತ್ತಾನೆ. ಎದ್ದು ಹೊರಟಾಗ ನನ್ನ ಕೈ ಅವನ ಮೇಲೆ ಇರುತ್ತಿರಲಿಲ್ಲವಲ್ಲ" ಎಂದ ದೋಣಿಯವನು.

ಕತೆ ಮುಗಿಯಿತು. ಚೆಲುವರಾಜು ಏನೋ ವಾದ ಹೂಡಲು ಬಾಯಿ ತೆರೆದ. ಗುರು ಅವನ ಮುಂಗೈ ಮೇಲೆ ತಮ್ಮ ಮುಂಗೈ ಇಟ್ಟು ಮೆಲ್ಲಗೆ ಕೇಳಿದರು:

"ಕೆಡವಿದೆ ಅಂದೆಯಲ್ಲ, ನಿನ್ನ ತಮ್ಮ ಈಗ ಎಲ್ಲಿದ್ದಾನೆ?"