ಗಾಜಿನ ಬೀರುವಿನ ರೇಡಿಯೋ

ರಿಪೇರಿ ಅಂಗಡಿಯ ಮೇಜಿನ ಮೇಲೆ ಎರಡು ಹಳೆಯ ವಾಲ್ವ್ ರೇಡಿಯೋಗಳು ಅಕ್ಕಪಕ್ಕ ಕೂತಿದ್ದವು. ಒಂದು ತೇಗದ ಪೆಟ್ಟಿಗೆಯದು. ಹೊಸದಾಗಿ ಪಾಲಿಶ್ ಆಗಿತ್ತು, ಆದರೆ ಮೂಕ. ಇನ್ನೊಂದು ಕ್ಷೌರದಂಗಡಿಯಿಂದ ಬಂದದ್ದು. ಮೈತುಂಬ ಜಿಡ್ಡು, ಆದರೆ ಸೊಗಸಾಗಿ ಹಾಡುತ್ತಿತ್ತು.

"ಸಾಕು ನಿಲ್ಲಿಸು," ಎಂದಿತು ತೇಗದ ರೇಡಿಯೋ. "ನಾನು ದೊಡ್ಡ ಮನೆಯ ವಸ್ತು. ನನಗೆ ದನಿ ಬರಿಸಲು ನಮ್ಮ ಯಜಮಾನರು ಎಷ್ಟು ಖರ್ಚಾದರೂ ಹಿಂದೆಮುಂದೆ ನೋಡುವವರಲ್ಲ."

"ಆ ಖರ್ಚು ನಾನೇ ಕಣಯ್ಯಾ," ಎಂದಿತು ಕ್ಷೌರದಂಗಡಿಯ ರೇಡಿಯೋ. "ನಿನಗೆ ಬೇಕಾದ ವಾಲ್ವ್‌ಗಳು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವು ನನ್ನ ಹೊಟ್ಟೆಯಲ್ಲಿವೆ. ಅದಕ್ಕೇ ನನ್ನನ್ನು ಕೊಂಡು ತಂದಿದ್ದಾರೆ."

"ಹಾಗಾದರೆ ನಿನ್ನ ಪುಣ್ಯ. ಇಷ್ಟು ದಿನ ಗಡ್ಡ ಕೆರೆಸಿಕೊಳ್ಳುವವರಿಗೆ ಹಾಡಿದೆ. ಇನ್ನು ಮೇಲೆ ಗಣ್ಯರಿಗೆ ಹಾಡುತ್ತೀಯ."

ಅಷ್ಟರಲ್ಲಿ ಯಜಮಾನ ವಿರೂಪಾಕ್ಷಯ್ಯ ಬಂದರು. "ಅದನ್ನು ಬಿಚ್ಚಿ ಇದಕ್ಕೆ ಹಾಕಿ, ಸಾಬ್ರೇ," ಎಂದರು. ರಿಪೇರಿಯ ದಸ್ತಗೀರ್ ಸಾಬರು ಸ್ವಿಚ್ ಆರಿಸಿದರು. ಹಾಡು ಅರ್ಧಕ್ಕೆ ನಿಂತಿತು. ವಾಲ್ವ್‌ಗಳು ತೇಗದ ಪೆಟ್ಟಿಗೆಗೆ ಬಂದವು, ಖಾಲಿ ಪೆಟ್ಟಿಗೆ ಗುಜರಿಗೆ ಹೋಯಿತು. ತೇಗದ ರೇಡಿಯೋ ಹಾಡಿತು. ವಿರೂಪಾಕ್ಷಯ್ಯ ಒಂದು ಹಾಡು ಕೇಳಿ ಕಣ್ಣೊರೆಸಿಕೊಂಡು, ಅದನ್ನು ಮನೆಗೊಯ್ದು ಗಾಜಿನ ಬೀರುವಿನಲ್ಲಿಟ್ಟರು.

ನೋಡಲು ಬಂದ ನೆಂಟರೊಬ್ಬರು ಅದರ ಗುಂಡಿ ತಿರುಗಿಸಲು ಕೈ ಚಾಚಿದರು.

"ಅಯ್ಯಯ್ಯೋ, ಹಚ್ಚಬೇಡಿ!" ವಿರೂಪಾಕ್ಷಯ್ಯ ಹೌಹಾರಿದರು. "ಸುಮ್ಮನೆ ವಾಲ್ವ್ ಸವೆದುಹೋಗುತ್ತೆ. ಮತ್ತೆ ಸಿಗೋ ಮಾಲಲ್ಲ ಅದು."

ಅಲ್ಲಿಗೆ, ಊರಿನಲ್ಲಿ ಹಾಡುತ್ತಿದ್ದ ಒಂದೇ ಒಂದು ವಾಲ್ವ್ ರೇಡಿಯೋ ರಿಪೇರಿಯಾದಂತಾಯಿತು.